ಓದುಗರ ಪ್ರಶ್ನೆ, ನಮ್ಮ ಉತ್ತರ: ಪರದೇಶದ ಮಕ್ಕಳಿಗೆ ಸತ್ಯವೇದದ ಕಥೆ ಹೇಳುವಾಗ

ಈ ಸಲ ಕೈಸೇರಿದ ಪತ್ರಗಳಲ್ಲಿ ಏಳು ಒಂದೇ ವಿಷಯವನ್ನು ಕುರಿತವು: ಮಿಷನರಿಯಾಗಿ ಬೇರೆ ದೇಶಕ್ಕೆ ಹೋಗಿ ಅಲ್ಲಿನ ಮಕ್ಕಳಿಗೆ ಸತ್ಯವೇದದ ಕಥೆಗಳನ್ನು ಕಲಿಸುವುದು ಹೇಗೆ ಎಂಬುದು. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಬಿಟ್ಟು ಇವನ್ನೇ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಪತ್ರಗಳನ್ನು ಚಿಕ್ಕದಾಗಿಸಿದ್ದೇನೆ, ಬರೆದವರ ಹೆಸರನ್ನೂ ಅವರು ಹೋಗಲಿರುವ ದೇಶದ ಹೆಸರನ್ನೂ ಅವರ ಕೋರಿಕೆಯಂತೆ ಕೈಬಿಟ್ಟಿದ್ದೇನೆ.

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನಮ್ಮ ಸಭೆಯ ಭಾನುವಾರದ ಶಾಲೆಯಲ್ಲಿ ಹತ್ತು ವರ್ಷ ಕಲಿಸಿದ ನಾನು ಮುಂದಿನ ವರ್ಷ ಮಿಷನರಿಯಾಗಿ ಹೊರದೇಶಕ್ಕೆ ಹೋಗುತ್ತಿದ್ದೇನೆ. ಅಲ್ಲಿನ ಭಾಷೆ ನನಗೆ ಬಾರದು. ದುಭಾಷಿಯನ್ನಿಟ್ಟುಕೊಂಡು ಮೊದಲ ವಾರದಿಂದಲೇ ಮಕ್ಕಳಿಗೆ ಕಥೆ ಹೇಳಲು ಆರಂಭಿಸಬಹುದೇ? ಯಾವ ಕಥೆಯಿಂದ ಆರಂಭಿಸಲಿ?

ಉತ್ತರ: ಪ್ರಿಯ ಸಹೋದರಿಯವರೇ, ದುಭಾಷಿಯ ನೆರವಿನಿಂದ ದೊಡ್ಡವರಿಗೆ ಪ್ರಸಂಗ ಮಾಡಬಹುದು, ಮಕ್ಕಳಿಗೆ ಕಥೆ ಹೇಳುವುದು ಬಹಳ ಕಷ್ಟ. ಅರಸನು ಸಿಂಹಗಳ ಗವಿಯ ಬಳಿಗೆ ಬಂದು ದುಃಖದ ಧ್ವನಿಯಲ್ಲಿ ದಾನಿಯೇಲನನ್ನು ಕೂಗಿದನೆಂದು ನೀವು ಹೇಳಿ ನಿಲ್ಲಿಸಿ, ದುಭಾಷಿ ಅದನ್ನು ಸಾವಧಾನವಾಗಿ ಇನ್ನೊಂದು ಭಾಷೆಗೆ ತಿರುಗಿಸುವಷ್ಟರಲ್ಲಿ, ಮಗುವಿನ ಕಣ್ಣು ನಿಮ್ಮಿಂದ ಅವನ ಕಡೆಗೆ, ಅವನಿಂದ ಕಿಟಕಿಯ ಕಡೆಗೆ ಹೋಗಿಬಿಟ್ಟಿರುತ್ತದೆ. ಇದಕ್ಕೆ ನಾನು ಕಂಡುಕೊಂಡ ದಾರಿ ಒಂದಿದೆ. ದುಭಾಷಿಯನ್ನು ದುಭಾಷಿಯಾಗಿ ಬಳಸಬೇಡಿ, ಕಥೆಗಾರನನ್ನಾಗಿ ಮಾಡಿಕೊಳ್ಳಿ. ಹಿಂದಿನ ಸಂಜೆಯೇ ಅವನ ಜೊತೆಗೆ ಕುಳಿತು ಇಡೀ ಕಥೆಯನ್ನು ಹೇಳಿ, ಅವನಿಂದ ಎರಡು ಸಲ ಹೇಳಿಸಿ, ಸಂದೇಹಗಳನ್ನು ಬಗೆಹರಿಸಿ, ಮರುದಿನ ಅವನೊಬ್ಬನೇ ನಿಂತು ಹೇಳಲಿ. ನೀವು ಮಕ್ಕಳ ನಡುವೆ ನೆಲದ ಮೇಲೆ ಕುಳಿತು ಕೇಳಿ. ಯಾವ ಮಾತಿಗೆ ನಗುತ್ತಾರೆ, ಎಲ್ಲಿ ಉಸಿರು ಬಿಗಿಹಿಡಿಯುತ್ತಾರೆ, ಎಲ್ಲಿ ಪಕ್ಕದವನನ್ನು ಚಿವುಟಲು ಶುರುಮಾಡುತ್ತಾರೆ ಎಂಬುದೆಲ್ಲ ಅಲ್ಲಿಂದ ಕಾಣಿಸುವಷ್ಟು ಚೆನ್ನಾಗಿ ಮುಂದೆ ನಿಂತವರಿಗೆ ಕಾಣಿಸುವುದಿಲ್ಲ.

ಮೊದಲ ಆರು ತಿಂಗಳು ಹೇಳುವುದಕ್ಕಿಂತ ಕೇಳುವುದಕ್ಕೇ ಹೆಚ್ಚು ಹೊತ್ತು ಕೊಡಿ. ಮಕ್ಕಳಿಂದ ಅವರ ಕಥೆಗಳನ್ನೇ ಹೇಳಿಸಿಕೊಳ್ಳಿ. ಕಥೆ ಆರಂಭಿಸುವಾಗ ಅವರು ಏನನ್ನುತ್ತಾರೆ, ಮುಗಿಸುವಾಗ ಏನನ್ನುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಏಕೆಂದರೆ ಶಬ್ದಕೋಶದಲ್ಲಿ ಸಿಗುವ ಮಾತು ಬೇರೆ, ಕಥೆಯಲ್ಲಿ ಬಾಳುವ ಮಾತು ಬೇರೆ. ಯೇಸು ಬಾಗಿಲಲ್ಲಿ ನಿಂತು ತಟ್ಟುತ್ತಾನೆಂಬ ಪ್ರಕಟನೆ ಗ್ರಂಥದ ಮಾತು ನಮಗೆಲ್ಲ ಬಾಯಿಪಾಠವಾಗಿದೆ. ಆದರೆ ತಾಂಜಾನಿಯಾದ ಜನಾಕಿ ಭಾಷೆಗೆ ಅದನ್ನು ತಿರುಗಿಸುವಾಗ ಅನುವಾದಕರು ತಡೆದು ನಿಲ್ಲಬೇಕಾಯಿತು. ಆ ಜನರಲ್ಲಿ ಬಾಗಿಲು ತಟ್ಟುವವನು ಕಳ್ಳ, ಒಳಗೆ ಯಾರಾದರೂ ಇದ್ದಾರೆಯೇ ಎಂದು ಪರೀಕ್ಷಿಸಲು ತಟ್ಟುತ್ತಾನೆ, ಒಳ್ಳೆಯವನಾದರೆ ಹೊರಗೆ ನಿಂತು ಹೆಸರು ಹಿಡಿದು ಕೂಗುತ್ತಾನೆ. ಮಲಯ ಮತ್ತು ಇಂಡೋನೇಷ್ಯಾದ ಭಾಷೆಗಳಲ್ಲಿ ನಾವು ಹೃದಯವೆನ್ನುವ ಕಡೆಯಲ್ಲೆಲ್ಲ ಬರುವ ‘ಹಾತಿ’ ಎಂಬ ಪದದ ನೇರ ಅರ್ಥ ಪಿತ್ತಜನಕಾಂಗ. ಅಲ್ಲಿಯ ಮಗುವಿಗೆ ಎದೆಯ ಚಿತ್ರ ತೋರಿಸಿ ‘ಇದನ್ನು ಯೇಸುವಿಗೆ ಕೊಡು’ ಎಂದರೆ ಅದು ನಿಮ್ಮ ಮುಖ ನೋಡೀತು.

ಮಾತಷ್ಟೇ ಅಲ್ಲ, ಹೇಳುವವರ ಮೈಮೇಲಿರುವುದೂ ಕಥೆಗೆ ಅಡ್ಡ ಬರುತ್ತದೆ. ಏಮಿ ಕಾರ್ಮೈಕಲ್ ಅವರು 1893ರಲ್ಲಿ ಜಪಾನಿಗೆ ಹೋಗಿದ್ದಾಗ, ಕಾಯಿಲೆಯಲ್ಲಿದ್ದ ಒಬ್ಬ ಮುದುಕಿಗೆ ಸುವಾರ್ತೆ ಹೇಳುತ್ತಿದ್ದಂತೆ ಆಕೆಯ ಗಮನವೆಲ್ಲ ಅವರ ಕೈಯ ತುಪ್ಪಳದ ಕೈಗವಸಿನ ಮೇಲೆ ಹೋಯಿತಂತೆ. ಅಂದಿನಿಂದ ಅವರು ಆ ನಾಡಿನ ಉಡುಪನ್ನೇ ತೊಟ್ಟರು. ನಿಮ್ಮ ಕೈಗವಸು ಯಾವುದೆಂದು ನೀವೇ ನೋಡಿಕೊಳ್ಳಿ. ಈ ಕಾಲದಲ್ಲಿ ಅದು ಹೆಚ್ಚಾಗಿ ಕೈಯಲ್ಲಿರುವ ಮೊಬೈಲೇ ಆಗಿರುತ್ತದೆ.

ಇನ್ನು ಯಾವ ಕಥೆಯಿಂದ ಎಂಬ ಪ್ರಶ್ನೆ. ಕ್ರಿಸ್ಮಸ್ ಕಥೆಯಿಂದ ಆರಂಭಿಸುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಫಿಲಿಪೈನ್ಸಿನ ಪಲವಾನೋ ಜನರ ನಡುವೆ ಕೆಲಸ ಮಾಡಿದ ಟ್ರೆವರ್ ಮೆಕಿಲ್ವೇನ್ ಅವರು, ಸಭೆ ಸೇರಿದ್ದವರಲ್ಲಿಯೇ ಅನೇಕರಿಗೆ ಸುವಾರ್ತೆಯ ತಿರುಳು ತಿಳಿದಿಲ್ಲವೆಂಬುದನ್ನು ಕಂಡು, ಸೃಷ್ಟಿಯಿಂದ ಹಿಡಿದು ಹಳೆಯ ಒಡಂಬಡಿಕೆಯ ಕಥೆಗಳನ್ನು ಕ್ರಮವಾಗಿ ಹೇಳುತ್ತ ಕೊನೆಗೆ ಕ್ರಿಸ್ತನ ಬಳಿಗೆ ಬರುವ ಪದ್ಧತಿಯನ್ನು ರೂಪಿಸಿದರು. ಅದು ಇಂದು ಅನೇಕ ಮಿಷನ್‌ಗಳಲ್ಲಿ ಬಳಕೆಯಲ್ಲಿದೆ. ದೇವರು ಯಾರೆಂದು ಗೊತ್ತಿಲ್ಲದ ಮಗುವಿಗೆ ದೇವರ ಮಗನೆಂದರೆ ಏನು ತಿಳಿದೀತು? ಆದ್ದರಿಂದ ಆದಿಯಿಂದಲೇ ಆರಂಭಿಸಿ ಎನ್ನುತ್ತೇನೆ. ಆದರೆ ಒಂದು ಎಚ್ಚರಿಕೆ: ಮಕ್ಕಳು ಪ್ರತಿ ವಾರ ಬರುವುದಿಲ್ಲ. ಹಿಂದಿನ ವಾರದ ಕಥೆ ಕೇಳದವನಿಗೂ ಈ ವಾರದ ಕಥೆ ಪೂರ್ತಿಯಾಗಿ ದಕ್ಕುವಂತಿರಬೇಕು. ನಾನು ಒಂದು ಹಗ್ಗ ಕಟ್ಟಿ, ಹೇಳಿದ ಪ್ರತಿ ಕಥೆಗೂ ಮಕ್ಕಳೇ ಬರೆದ ಒಂದು ಚಿತ್ರವನ್ನು ಅದಕ್ಕೆ ತೂಗುಹಾಕುತ್ತಿದ್ದೆ. ತಪ್ಪಿಸಿಕೊಂಡವನಿಗೆ ಉಳಿದವರು ಚಿತ್ರ ತೋರಿಸಿ ಕಥೆ ಹೇಳುತ್ತಿದ್ದರು. ಅವರ ಹೇಳಿಕೆಯನ್ನು ಕೇಳಿಸಿಕೊಂಡೇ ನಾನು ಆ ಭಾಷೆಯನ್ನು ಹೆಚ್ಚು ಕಲಿತದ್ದು.

ಪ್ರಶ್ನೆ: ಮಕ್ಕಳಿಗೆ ರಕ್ಷಣೆಯ ಮಾರ್ಗವನ್ನು ತಿಳಿಸಲು ‘ಅಕ್ಷರವಿಲ್ಲದ ಪುಸ್ತಕ’ ಎಂಬ ಬಣ್ಣದ ಹಾಳೆಗಳನ್ನು ಬಳಸುತ್ತೇವೆ. ಭಾಷೆ ಬೇಕಿಲ್ಲದ ಕಾರಣ ಹೊರದೇಶದಲ್ಲಿ ಇದು ಬಹಳ ಅನುಕೂಲವಲ್ಲವೇ?

ಉತ್ತರ: ಭಾಷೆ ಬೇಕಿಲ್ಲವೆಂಬುದೇ ಅದರ ಮೇಲಿನ ನನ್ನ ದೂರು. ಈ ಪುಸ್ತಕದ ಹುಟ್ಟನ್ನು ಮೊದಲು ನೆನೆಯೋಣ. ಲಂಡನ್ನಿನ ಪ್ರಸಿದ್ಧ ಪ್ರಸಂಗಿ ಚಾರ್ಲ್ಸ್ ಸ್ಪರ್ಜನ್ 1866ರಲ್ಲಿ ಕಪ್ಪು, ಕೆಂಪು, ಬಿಳುಪು ಎಂಬ ಮೂರೇ ಹಾಳೆಗಳ ಪುಸ್ತಕವೊಂದರ ಬಗ್ಗೆ ಪ್ರಸಂಗ ಮಾಡಿದರು: ಕಪ್ಪು ಪಾಪಕ್ಕೆ, ಕೆಂಪು ಕ್ರಿಸ್ತನ ರಕ್ತಕ್ಕೆ, ಬಿಳುಪು ತೊಳೆದ ಹೃದಯಕ್ಕೆ. 1875ರಲ್ಲಿ ಅಮೆರಿಕದ ಡಿ. ಎಲ್. ಮೂಡಿ ಪರಲೋಕಕ್ಕಾಗಿ ಚಿನ್ನದ ಬಣ್ಣವನ್ನು ಸೇರಿಸಿದರು. ಬೆಳವಣಿಗೆಯನ್ನು ಸೂಚಿಸುವ ಹಸಿರು ಬಂದದ್ದು ಆಮೇಲೆ. ಲಂಡನ್ನಿನ ಕೇಳುಗರಿಗೆ ಕಪ್ಪು ಶೋಕದ ಬಣ್ಣ, ಬಿಳುಪು ನಿರ್ಮಲತೆಯ ಬಣ್ಣ. ಅವರಿಗೆ ಅದು ತಾನಾಗಿ ತಿಳಿಯಿತು. ಬಿಳುಪೇ ಸಾವಿನ ಬಣ್ಣವಾಗಿರುವ, ಕೆಂಪು ಮದುವೆಗೂ ಹಬ್ಬಕ್ಕೂ ಮೀಸಲಾಗಿರುವ ಜನಾಂಗಗಳು ಪೂರ್ವದೇಶಗಳಲ್ಲಿ ಎಷ್ಟಿವೆ! ಅದಕ್ಕಿಂತ ಮಿಗಿಲಾದ ಮಾತೊಂದಿದೆ. ಮೈಬಣ್ಣ ಕಪ್ಪಾಗಿರುವ ಮಗುವಿನ ಮುಂದೆ ಕಪ್ಪು ಹಾಳೆ ಹಿಡಿದು ಇದು ಪಾಪವೆಂದೂ, ಬಿಳಿ ಹಾಳೆ ಹಿಡಿದು ದೇವರು ನಿನ್ನನ್ನು ಹೀಗೆ ಮಾಡುತ್ತಾನೆಂದೂ ಹೇಳಿದರೆ ಅದು ಮನೆಗೆ ಏನನ್ನು ಹೊತ್ತುಕೊಂಡು ಹೋಗುತ್ತದೆಂದು ಯೋಚಿಸಿದ್ದೀರಾ? ನೀವು ಮೈಬಣ್ಣದ ಮಾತೆತ್ತಿರಲಿಕ್ಕಿಲ್ಲ. ಎತ್ತಿದ್ದೀರೆಂದೇ ಮಗು ತಿಳಿದುಕೊಳ್ಳುತ್ತದೆ.

ಸತ್ಯವೇದದಲ್ಲಿಯೇ ಬಣ್ಣಗಳಿಗೆ ಹೀಗೆ ನಿಗದಿಯಾದ ಅರ್ಥವಿಲ್ಲ. ಯೆಶಾಯನ ಮೊದಲ ಅಧ್ಯಾಯದಲ್ಲಿ ಕಡುಕೆಂಪಾಗಿರುವುದು ಪಾಪ. ಮಿರ್ಯಾಮಳೂ ಗೇಹಜಿಯೂ ಹಿಮದಂತೆ ಬೆಳ್ಳಗಾದದ್ದು ಪರಿಶುದ್ಧತೆಯಿಂದಲ್ಲ, ಕುಷ್ಠದಿಂದ. ಆದ್ದರಿಂದ ಈ ಪುಸ್ತಕವನ್ನು ಮನೆಯಲ್ಲೇ ಬಿಟ್ಟು ಹೋಗಿ. ಕಳೆದುಹೋದದ್ದು ಸಿಕ್ಕಿತೆಂಬ ಲೂಕ 15ನೆಯ ಅಧ್ಯಾಯದ ಮೂರು ಸಾಮ್ಯಗಳಿವೆ: ಕುರಿ, ನಾಣ್ಯ, ಮಗ. ಏನನ್ನಾದರೂ ಕಳೆದುಕೊಂಡು ಹುಡುಕದ ಮಗು ಯಾವ ದೇಶದಲ್ಲಿಯೂ ಇಲ್ಲ.

ಪ್ರಶ್ನೆ: ಮಕ್ಕಳು ಬರಲೆಂದು ಮಿಠಾಯಿ, ಪೆನ್ಸಿಲ್, ಬಟ್ಟೆ ಹಂಚಬಹುದೇ?

ಉತ್ತರ: ಬೇಡ. ರೊಟ್ಟಿ ತಿಂದು ತೃಪ್ತರಾದ ಕಾರಣ ನನ್ನನ್ನು ಹುಡುಕುತ್ತೀರಿ ಎಂದು ಯೇಸುವೇ ಜನರಿಗೆ ಹೇಳಬೇಕಾಯಿತು. ಹಿಂದೆ ಚೀನಾದಲ್ಲಿ ಮಿಷನ್ನಿನ ನೆರವಿಗಾಗಿ ಮಾತ್ರ ಸಭೆ ಸೇರಿದವರನ್ನು ‘ಅಕ್ಕಿ ಕ್ರೈಸ್ತರು’ ಎಂದು ಹಂಗಿಸುತ್ತಿದ್ದರು. ಹಂಗಿಸಿದ್ದು ಅಕ್ಕಿ ತೆಗೆದುಕೊಂಡವರನ್ನು, ಆದರೆ ತಪ್ಪಿನ ಪಾಲು ಕೊಟ್ಟವರದ್ದೂ ಆಗಿತ್ತೆಂಬುದು ನನ್ನ ಅಭಿಪ್ರಾಯ. ಮಕ್ಕಳಿಗೆ ಏನಾದರೂ ಕೊಡಲೇಬೇಕೆಂದಿದ್ದರೆ, ಕಥೆಗೆ ಬಂದವರು ಬಾರದವರು ಎಂದು ನೋಡದೆ ಎಲ್ಲರಿಗೂ, ಬೇರೆ ದಿನ, ತಂದೆತಾಯಿಗಳ ಕೈಗೆ ಕೊಡಿ. ಓದು ಕಲಿಸುವುದು ಇದಕ್ಕಿಂತ ಮೇಲು. ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ಪತ್ರಿಕೆಯ ಮುದ್ರಕರಾಗಿದ್ದ ರಾಬರ್ಟ್ ರೇಕ್ಸ್ 1780ರಲ್ಲಿ ಆರಂಭಿಸಿದ ಭಾನುವಾರದ ಶಾಲೆಯು, ವಾರವೆಲ್ಲ ದುಡಿಯುವ ಬಡ ಮಕ್ಕಳಿಗೆ ಬಿಡುವಿದ್ದ ಒಂದೇ ದಿನ ಓದು ಕಲಿಸಲೆಂದೇ ಹುಟ್ಟಿದ್ದು.

ಪ್ರಶ್ನೆ: ಅಬ್ರಹಾಮನು ಮಗ ಇಸಾಕನನ್ನು ಬಲಿಕೊಡಲು ಹೊರಟದ್ದು, ಜಲಪ್ರಳಯ, ಐಗುಪ್ತದ ಚೊಚ್ಚಲ ಮಕ್ಕಳ ಮರಣ ಮುಂತಾದ ಕಥೆಗಳನ್ನು ಚಿಕ್ಕ ಮಕ್ಕಳಿಗೆ ಹೇಳಬೇಕೇ? ನಾನು ಕೆಲಸ ಮಾಡುವ ಕಡೆ ಯುದ್ಧದಿಂದ ಓಡಿಬಂದ ಕುಟುಂಬಗಳ ಮಕ್ಕಳೇ ಹೆಚ್ಚು. ಒಂದು ದಿನ ಪ್ರಳಯದ ಕಥೆ ಹೇಳಿದಾಗ ಒಬ್ಬ ಹುಡುಗಿ ಅಳುತ್ತ ಎದ್ದು ಹೋದಳು.

ಉತ್ತರ: ಸಹೋದರರೇ, ನಿಮ್ಮ ಪತ್ರ ಓದಿ ನನ್ನ ಹಳೆಯ ತಪ್ಪುಗಳು ನೆನಪಾದವು. ನೋಹನ ಕಥೆಯನ್ನು ನಾವು ಪ್ರಾಣಿಗಳ ಕಥೆಯೆಂದುಕೊಂಡು, ಜೋಡಿಜೋಡಿಯಾಗಿ ನಡೆದುಬರುವ ಆನೆ ಜಿರಾಫೆಗಳ ಚಿತ್ರಕ್ಕೆ ಬಣ್ಣ ತುಂಬಿಸುತ್ತೇವೆ. ನಾವೆಯ ಹೊರಗೆ ಉಳಿದವರ ಗತಿ ಏನಾಯಿತೆಂದು ಕೇಳುವ ಮಗು ಆ ಬಣ್ಣದ ಚಿತ್ರದೊಳಗೆ ಇಣುಕಿ ನೋಡಿದೆ. ತನ್ನವರು ನೀರಿನಲ್ಲಿಯೋ ಬೆಂಕಿಯಲ್ಲಿಯೋ ಹೋದದ್ದನ್ನು ಕಂಡ ಹುಡುಗಿಗೆ ‘ಕೆಟ್ಟವರೆಲ್ಲ ಮುಳುಗಿಹೋದರು’ ಎಂಬ ಮಾತು ತನ್ನ ಮನೆಯವರ ಮೇಲಿನ ತೀರ್ಪಿನಂತೆ ಕೇಳಿಸಿರಬೇಕು. ಅವಳ ಮನೆಗೆ ಹೋಗಿ. ಕಥೆಯನ್ನು ವಿವರಿಸಲು ಹೋಗಬೇಡಿ. ಸುಮ್ಮನೆ ಹೋಗಿ ಕುಳಿತು ಬನ್ನಿ, ಅವಳಾಗಿ ಮಾತನಾಡಿದರೆ ಕೇಳಿ.

ಬ್ರಿಟನ್ನಿನ ಶಿಕ್ಷಣತಜ್ಞ ರೊನಾಲ್ಡ್ ಗೋಲ್ಡ್‌ಮನ್ ಅವರು 1960ರ ದಶಕದಲ್ಲಿ ಉರಿಯುವ ಪೊದೆ, ಕೆಂಪು ಸಮುದ್ರವನ್ನು ದಾಟಿದ್ದು, ಯೇಸುವಿನ ಶೋಧನೆ ಎಂಬ ಮೂರು ಕಥೆಗಳನ್ನಿಟ್ಟುಕೊಂಡು ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಮಾತನಾಡಿಸಿದರು. ಹದಿಹರೆಯ ಹತ್ತಿರವಾಗುವ ತನಕ ಮಕ್ಕಳು ಕಥೆಯ ಮಾತನ್ನು ಮಾತಾಗಿಯೇ ಹಿಡಿಯುತ್ತಾರೆ, ಅದರ ಹಿಂದಿನ ಅರ್ಥವನ್ನಲ್ಲ ಎಂಬುದು ಅವರು ಕಂಡದ್ದು. ಅವರು ಅದರಿಂದ ತೆಗೆದ ತೀರ್ಮಾನಗಳೆಲ್ಲವನ್ನೂ ನಾನು ಒಪ್ಪುವುದಿಲ್ಲ; ಕಥೆಯನ್ನು ಮಗು ಬುದ್ಧಿಯೊಂದರಿಂದಲೇ ಹಿಡಿಯುವುದಿಲ್ಲವಲ್ಲ. ಆದರೆ ಇಸಾಕನ ವಿಷಯದಲ್ಲಿ ಅವರ ಮಾತು ತಲೆಯಲ್ಲಿರಲಿ. ಅಬ್ರಹಾಮನ ನಂಬಿಕೆಯ ಪಾಠವೆಂದು ನೀವು ಹೇಳುತ್ತಿರುವ ಕಥೆಯಲ್ಲಿ ಏಳು ವರ್ಷದ ಹುಡುಗ ಅಬ್ರಹಾಮನಾಗುವುದಿಲ್ಲ, ಇಸಾಕನಾಗುತ್ತಾನೆ. ಅಂದು ರಾತ್ರಿ ತನ್ನ ಅಪ್ಪನನ್ನು ನೋಡುವ ಅವನ ನೋಟವೇ ಬೇರೆಯಾಗಿರುತ್ತದೆ. ಹತ್ತು ದಾಟದವರಿಗೆ ನಾನು ಆ ಕಥೆಯನ್ನು ಹೇಳುವುದಿಲ್ಲ. ಚೊಚ್ಚಲ ಮಕ್ಕಳ ಮರಣವನ್ನು, ವಿಮೋಚನೆಯ ಕಥೆಯಿಂದ ಅದನ್ನು ತೆಗೆಯಲಾಗದ ಕಾರಣ, ಒಂದೇ ವಾಕ್ಯದಲ್ಲಿ, ದನಿ ಏರಿಸದೆ, ಐಗುಪ್ತದ ಮನೆಗಳಲ್ಲಿಯೂ ಗೋಳಾಟವಿತ್ತೆಂಬುದನ್ನು ಮರೆಸದೆ ಹೇಳುತ್ತೇನೆ.

ನಿಮ್ಮ ಮಕ್ಕಳಿಗೆ ಯೋಸೇಫನನ್ನು ಕೊಡಿ. ಆದಿಕಾಂಡದ 37ರಿಂದ 50ರವರೆಗೆ ಹರಡಿಕೊಂಡಿರುವ ಈ ಕಥೆಯಲ್ಲಿ ಸಮುದ್ರ ಸೀಳುವುದಿಲ್ಲ, ಬೆಂಕಿ ಇಳಿಯುವುದಿಲ್ಲ. ಹದಿನೇಳು ವರ್ಷದ ಹುಡುಗನನ್ನು ಸ್ವಂತ ಅಣ್ಣಂದಿರೇ ಮಾರುತ್ತಾರೆ. ಅವನು ಪರದೇಶದಲ್ಲಿ ಬೇರೆ ಭಾಷೆ ಕಲಿತು, ಸುಳ್ಳು ಆಪಾದನೆಗೆ ಸೆರೆಮನೆ ಸೇರಿ, ಮೂವತ್ತನೆಯ ವಯಸ್ಸಿನಲ್ಲಿ ಫರೋಹನ ಮುಂದೆ ನಿಲ್ಲುತ್ತಾನೆ. ಬರಗಾಲದಲ್ಲಿ ಧಾನ್ಯ ಕೊಳ್ಳಲು ಬಂದ ಅಣ್ಣಂದಿರ ಮುಂದೆ ಗುರುತು ಹೇಳದೆ ದುಭಾಷಿಯ ಮೂಲಕ ಮಾತನಾಡುತ್ತಾನೆ; ಅವರು ತಮ್ಮ ಭಾಷೆಯಲ್ಲಿ ಆಡಿಕೊಂಡದ್ದು ಅವನಿಗೆ ಅರ್ಥವಾಗಿ, ಆ ಕಡೆ ತಿರುಗಿಕೊಂಡು ಅಳುತ್ತಾನೆ. ಮನೆಯಲ್ಲಿ ಒಂದು ಭಾಷೆ, ಹೊರಗೆ ಇನ್ನೊಂದು ಭಾಷೆಯಾಗಿ ಬದುಕುವ ನಿರಾಶ್ರಿತರ ಮಕ್ಕಳು ಈ ಘಟ್ಟಕ್ಕೆ ಬಂದಾಗ ಹೇಗೆ ಕೇಳುತ್ತಾರೆಂಬುದನ್ನು ನೀವೇ ನೋಡುವಿರಿ. ಇದನ್ನು ಐದಾರು ವಾರ ಎಳೆದು ಹೇಳಬಹುದು.

ಶಿಲುಬೆಯ ಕಥೆಗೆ ಎರಡು ನಿಯಮ ಇಟ್ಟುಕೊಂಡಿದ್ದೇನೆ. ಮೊಳೆ, ರಕ್ತಗಳ ವರ್ಣನೆಗೆ ಇಳಿಯುವುದಿಲ್ಲ, ಮತ್ತು ಮರಣದಲ್ಲಿ ತರಗತಿಯನ್ನು ಮುಗಿಸುವುದಿಲ್ಲ. ಮುಂದಿನ ವಾರ ಪುನರುತ್ಥಾನವೆಂದು ಪಾಠಪಟ್ಟಿಯಲ್ಲಿದ್ದರೂ ಮುಂದಿನ ವಾರ ಬಾರದ ಮಗು ಇದ್ದೇ ಇರುತ್ತದೆ.

ಪ್ರಶ್ನೆ: ನಮ್ಮ ಕಥೆಗೆ ಬರುವ ಮಕ್ಕಳ ತಂದೆತಾಯಿಗಳು ಬೇರೆ ಧರ್ಮದವರು. ಅವರಿಗೆ ತಿಳಿಸದೆ ಹೇಳಿದರೆ ತಪ್ಪೇ? ಕಾನೂನಿನ ತೊಂದರೆ ಏನಾದರೂ ಇದೆಯೇ?

ಉತ್ತರ: ತಪ್ಪು, ಮತ್ತು ಅನೇಕ ಕಡೆ ತೊಂದರೆಯೂ ಇದೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೆಯ ವಿಧಿಯು ಮಗುವಿಗೆ ಮನಸ್ಸಾಕ್ಷಿಯ ಮತ್ತು ಧರ್ಮದ ಸ್ವಾತಂತ್ರ್ಯವಿದೆಯೆಂದು ಹೇಳುವಾಗಲೇ, ಆ ಸ್ವಾತಂತ್ರ್ಯವನ್ನು ಬಳಸುವಲ್ಲಿ ಮಗುವಿಗೆ ದಾರಿ ತೋರಿಸುವ ತಂದೆತಾಯಿಗಳ ಹಕ್ಕನ್ನೂ ಕರ್ತವ್ಯವನ್ನೂ ಗೌರವಿಸಬೇಕೆನ್ನುತ್ತದೆ. ದೇಶದೇಶದ ಕಾನೂನುಗಳು ಬೇರೆ. ನೇಪಾಳದ 2015ರ ಸಂವಿಧಾನವು ಒಬ್ಬರನ್ನು ಇನ್ನೊಂದು ಧರ್ಮಕ್ಕೆ ಮತಾಂತರಿಸುವುದನ್ನು 26ನೆಯ ವಿಧಿಯಲ್ಲಿಯೇ ನಿಷೇಧಿಸಿದೆ. ಗ್ರೀಸಿನ ಸಂವಿಧಾನದಲ್ಲಿ ಮತಪ್ರಚಾರದ ಒತ್ತಡದ ಮೇಲೆ ನಿಷೇಧವಿದೆ. ಆ ದೇಶದ ಕೊಕ್ಕಿನಾಕಿಸ್ ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 1993ರಲ್ಲಿ ತೀರ್ಪು ನೀಡುವಾಗ, ತನ್ನ ನಂಬಿಕೆಗೆ ಸಾಕ್ಷಿ ಹೇಳುವುದು ಬೇರೆ, ಒತ್ತಡದಿಂದಲೋ ಆಮಿಷದಿಂದಲೋ ಎಳೆಯುವುದು ಬೇರೆ ಎಂದು ಗೆರೆ ಎಳೆಯಿತು. ಆ ಗೆರೆ ಮಕ್ಕಳ ವಿಷಯದಲ್ಲಿ ಇನ್ನೂ ಬಿಗಿಯಾಗಿರಬೇಕು, ಏಕೆಂದರೆ ದೊಡ್ಡವರು ‘ಬೇಡ’ ಎಂದು ಎದ್ದು ಹೋಗಬಲ್ಲರು, ಮಗು ಹೋಗಲಾರದು. ವೀಸಾದ ವಿಷಯದಲ್ಲಿಯೂ ಜಾಣತನ ಬೇಡ. ಜಪಾನಿನಲ್ಲಿ ಧಾರ್ಮಿಕ ಚಟುವಟಿಕೆಗೆಂದೇ ಪ್ರತ್ಯೇಕ ವಾಸಾನುಮತಿಯಿದೆ, ಅಮೆರಿಕದಲ್ಲಿ ಧಾರ್ಮಿಕ ಕೆಲಸದವರಿಗೆ ಬೇರೆಯೇ ವೀಸಾ ಇದೆ. ಪ್ರವಾಸಿಯ ವೀಸಾ ಹಿಡಿದು ಹೋಗಿ ಸತ್ಯವೇದ ಕಲಿಸುವವರು ಮಕ್ಕಳಿಗೆ ಸತ್ಯವನ್ನು ಹೇಗೆ ಕಲಿಸುತ್ತಾರೋ ನನಗೆ ತಿಳಿಯದು.

ಆದರೆ ಕಾನೂನು ಇಲ್ಲದಿದ್ದರೂ ನನ್ನ ಉತ್ತರ ಇದೇ. ಸತ್ಯವೇದದಲ್ಲಿ ಮಕ್ಕಳಿಗೆ ಕಥೆ ಹೇಳುವವರು ಯಾರು? ಐಗುಪ್ತದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕದ ಆಚರಣೆಯ ಅರ್ಥವೇನೆಂದು ಮಕ್ಕಳು ಕೇಳಿದರೆ ನೀವು ಹೀಗೆ ಹೇಳಿರಿ ಎಂಬ ಅಪ್ಪಣೆ ವಿಮೋಚನಕಾಂಡದಲ್ಲಿ ತಂದೆತಾಯಿಗಳಿಗೆ. ಯೊರ್ದನಿನಿಂದ ಎತ್ತಿ ತಂದ ಹನ್ನೆರಡು ಕಲ್ಲುಗಳು ಯಾತಕ್ಕೆಂದು ಕೇಳುವ ಮಕ್ಕಳಿಗೆ ಉತ್ತರ ಕೊಡಬೇಕಾದವರೂ ಅವರೇ. ಮನೆಯಲ್ಲಿ ಕುಳಿತಿರುವಾಗಲೂ ದಾರಿ ನಡೆಯುವಾಗಲೂ ಎಂಬ ಧರ್ಮೋಪದೇಶಕಾಂಡದ ಮಾತಿನಲ್ಲಿಯೂ ತರಗತಿಯಿಲ್ಲ, ಮನೆಯಿದೆ. ನಾವು ಹೊರಗಿನಿಂದ ಬಂದವರು. ಮೊದಲು ತಂದೆತಾಯಿಗಳ ಬಳಿಗೆ ಹೋಗಿ, ನಾವು ಯಾರು, ಯಾವ ಗ್ರಂಥದಿಂದ, ಏನು ಹೇಳುತ್ತೇವೆಂಬುದನ್ನು ಅವರ ಭಾಷೆಯಲ್ಲಿ ಸ್ಪಷ್ಟವಾಗಿ ತಿಳಿಸಿ, ಬೇಡವೆಂದರೆ ವಂದಿಸಿ ಹಿಂದಿರುಗಬೇಕು. ಕಥೆಯ ಜಾಗದಲ್ಲಿ ಅವರೂ ಬಂದು ಕೂರಲಿ. ಚೀನಾದ ಯಾಂಗ್‌ಚೆಂಗ್‌ನಲ್ಲಿ ಗ್ಲ್ಯಾಡಿಸ್ ಐಲ್ವರ್ಡ್ ಮತ್ತು ಜೀನಿ ಲಾಸನ್ ಎಂಬ ಮಹಿಳೆಯರು ಹೇಸರಗತ್ತೆ ಹೊಡೆಯುವವರಿಗಾಗಿ ಛತ್ರವೊಂದನ್ನು ನಡೆಸಿ, ರಾತ್ರಿ ತಂಗಿದವರಿಗೆ ಸತ್ಯವೇದದ ಕಥೆಗಳನ್ನು ಹೇಳುತ್ತಿದ್ದರು. ದಾರಿಗರು ಆ ಕಥೆಗಳನ್ನು ಹೊತ್ತುಕೊಂಡು ಹೋಗಿ ಬೇರೆ ಊರುಗಳಲ್ಲಿ ಹೇಳಿದರು. 1940ರಲ್ಲಿ ಯುದ್ಧದ ನಡುವೆ ಐಲ್ವರ್ಡ್ ಸುಮಾರು ನೂರು ಅನಾಥ ಮಕ್ಕಳನ್ನು ಬೆಟ್ಟಗಳನ್ನು ದಾಟಿಸಿ ಕಾಪಾಡಿದ್ದನ್ನು ನಾವು ಹೆಚ್ಚಾಗಿ ನೆನೆಯುತ್ತೇವೆ. ನನಗೆ ಆ ಛತ್ರದ ರಾತ್ರಿಗಳು ಹೆಚ್ಚು ಇಷ್ಟ: ದೊಡ್ಡವರೆಲ್ಲರ ಎದುರಿಗೆ, ಬಾಗಿಲು ತೆರೆದಿಟ್ಟು ಹೇಳಿದ ಕಥೆಗಳವು.

ಬಾಗಿಲಿನ ಮಾತು ಬಂದದ್ದರಿಂದ ಇನ್ನೊಂದು. ಮಗುವಿನೊಂದಿಗೆ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರಬೇಡಿ. ಯಾವಾಗಲೂ ಇಬ್ಬರು ದೊಡ್ಡವರಿರಲಿ. ಮನೆಯವರ ಒಪ್ಪಿಗೆಯಿಲ್ಲದೆ ಮಕ್ಕಳ ಚಿತ್ರ ತೆಗೆದು ಕಾಣಿಕೆ ಕೊಡುವವರಿಗೆ ಕಳುಹಿಸಬೇಡಿ. ಕಳುಹಿಸುವ ಮಿಷನ್ನಿಗೆ ಮಕ್ಕಳ ರಕ್ಷಣೆಯ ಲಿಖಿತ ನಿಯಮವಿಲ್ಲದಿದ್ದರೆ, ಅದು ಬರುವ ತನಕ ಹೊರಡಬೇಡಿ.

ಪ್ರಶ್ನೆ: ಯೇಸುವಿನ ಕಥೆ ಮುಗಿದ ಮೇಲೆ ಒಂಬತ್ತು ವರ್ಷದ ಹುಡುಗನೊಬ್ಬ, ‘ಇದನ್ನು ಕೇಳದೆ ಸತ್ತುಹೋದ ನನ್ನ ಅಜ್ಜ ಈಗ ಎಲ್ಲಿದ್ದಾನೆ?’ ಎಂದು ಕೇಳಿದ. ನಾನು ಏನು ಹೇಳಬೇಕಿತ್ತು?

ಉತ್ತರ: ನಿಮಗಿಂತ ಮೊದಲು ಫ್ರಾನ್ಸಿಸ್ ಕ್ಸೇವಿಯರ್ ಅವರಿಗೂ ಈ ಪ್ರಶ್ನೆ ಎದುರಾಗಿತ್ತು. 1549ರಲ್ಲಿ ಜಪಾನಿಗೆ ಹೋದ ಅವರು, ತಮ್ಮ ಪೂರ್ವಿಕರಿಗೆ ಇನ್ನು ಯಾವ ದಾರಿಯೂ ಇಲ್ಲವೆಂಬುದನ್ನು ಕೇಳಿ ಅಲ್ಲಿನ ಹೊಸ ವಿಶ್ವಾಸಿಗಳು ಅಳುತ್ತಿದ್ದರೆಂದು 1552ರ ತಮ್ಮ ಪತ್ರದಲ್ಲಿ ಬರೆದಿದ್ದಾರೆ. ಅವರ ಅಳುವನ್ನು ನೋಡಿ ತಮಗೂ ದುಃಖವಾಯಿತೆಂದು ಒಪ್ಪಿಕೊಂಡಿದ್ದಾರೆ. ಅವರ ಕಾಲದ ದೇವಶಾಸ್ತ್ರ ಅವರ ಬಾಯಲ್ಲಿಟ್ಟ ಉತ್ತರವನ್ನು ಅವರು ಕೊಟ್ಟರು. ನಾನಾದರೆ ಹುಡುಗನಿಗೆ, ‘ನಿನ್ನ ಅಜ್ಜನ ವಿಷಯವನ್ನು ತೀರ್ಮಾನಿಸುವವನು ನಾನಲ್ಲ, ನನ್ನ ಕೈಯಲ್ಲಿ ಅದಿಲ್ಲ. ದೇವರು ಅನ್ಯಾಯ ಮಾಡುವವನಲ್ಲ ಎಂಬುದು ನನಗೆ ಗೊತ್ತು’ ಎನ್ನುತ್ತೇನೆ. ಸೊದೋಮಿನ ಪರವಾಗಿ ದೇವರೊಂದಿಗೆ ವಾದಿಸಿದ ಅಬ್ರಹಾಮನು ಹಿಡಿದದ್ದು ಈ ಒಂದೇ ಮಾತನ್ನು: ಸಮಸ್ತ ಲೋಕದ ನ್ಯಾಯಾಧಿಪತಿಯು ನ್ಯಾಯವನ್ನೇ ಮಾಡಬೇಕಲ್ಲವೇ ಎಂಬುದನ್ನು. ಆಮೇಲೆ ಅಜ್ಜ ಹೇಗಿದ್ದನೆಂದು ಕೇಳಿ. ಹುಡುಗ ಬಂದದ್ದು ಹೆಚ್ಚಾಗಿ ಅದನ್ನು ಹೇಳಲಿಕ್ಕೇ. ಸತ್ತವರನ್ನು ತೋರಿಸಿ ಮಗುವನ್ನು ಹೆದರಿಸಿ ನಂಬಿಸುವ ಬೋಧಕರನ್ನು ಕಂಡಿದ್ದೇನೆ. ಚಿಕ್ಕವರಿಗೆ ಅಡ್ಡಿಯಾದವನ ಕೊರಳಿಗೆ ಬೀಸುವ ಕಲ್ಲನ್ನು ಕಟ್ಟುವ ಮತ್ತಾಯನ 18ನೆಯ ಅಧ್ಯಾಯದ ಮಾತನ್ನು ಅವರು ಬೇರೆ ಯಾರಿಗೋ ಹೇಳಿದ್ದೆಂದುಕೊಂಡಿರಬೇಕು.

ಪ್ರಶ್ನೆ: ಮಕ್ಕಳ ಆಸಕ್ತಿಗಾಗಿ ಕಥೆಯಲ್ಲಿ ಸ್ವಲ್ಪ ಬಣ್ಣ ಕಟ್ಟುವುದು ತಪ್ಪೇ? ಕೊನೆಯಲ್ಲಿ ನೀತಿ ಹೇಳಲೇಬೇಕೇ? ಮತ್ತು ಅವರಿಗೆ ತಿಳಿಯಿತೆಂದು ನನಗೆ ತಿಳಿಯುವುದು ಹೇಗೆ?

ಉತ್ತರ: ಮೂರು ಪ್ರಶ್ನೆಗಳು. ಮೊದಲನೆಯದು: ದನಿಯಲ್ಲಿ ಬಣ್ಣ ಕಟ್ಟಿ, ಸಂಗತಿಯಲ್ಲಿ ಬೇಡ. ಆದಾಮ ಹವ್ವರು ತಿಂದ ಹಣ್ಣು ಸೇಬೆಂದು ಆದಿಕಾಂಡ ಹೇಳಿಲ್ಲ. ಯೋನನನ್ನು ನುಂಗಿದ್ದು ತಿಮಿಂಗಿಲವೆಂದಿಲ್ಲ, ದೊಡ್ಡ ಮೀನೆಂದಿದೆ. ಮೂಡಣ ದೇಶದ ಜೋಯಿಸರು ಮೂವರೆಂದು ಮತ್ತಾಯ ಬರೆದಿಲ್ಲ, ಕಾಣಿಕೆಗಳು ಮೂರು. ಅವರು ಬಂದದ್ದೂ ಗೋದಲಿಗಲ್ಲ, ಮನೆಗೆ. ಸಿಂಹಗಳ ಗವಿಯ ದಾನಿಯೇಲನನ್ನು ಚಿತ್ರಗಳು ಯುವಕನನ್ನಾಗಿ ತೋರಿಸುತ್ತವೆ. ಹುಡುಗನಾಗಿದ್ದಾಗ ಸೆರೆಹೋಗಿ, ಬಾಬೆಲಿನ ರಾಜ್ಯ ಮುಗಿದು ದಾರ್ಯಾವೆಷನ ಕಾಲಕ್ಕೆ ಬರುವಷ್ಟರಲ್ಲಿ ಅವನಿಗೆ ಎಂಬತ್ತರ ಆಸುಪಾಸಾಗಿರಬೇಕು, ಮತ್ತು ಮುದುಕನಾದರೆ ಕಥೆ ಇನ್ನೂ ಚೆನ್ನಾಗಿದೆ. ಪುಸ್ತಕ ಮನೆಯಲ್ಲಿದ್ದವರಿಗೆ ಈ ಸಣ್ಣ ತಪ್ಪುಗಳು ಒಂದು ದಿನ ಓದಿನಿಂದ ತಿದ್ದಿಹೋಗುತ್ತವೆ. ಆದರೆ ಲೋಕದ ಸುಮಾರು 7,000 ಭಾಷೆಗಳಲ್ಲಿ ಸಂಪೂರ್ಣ ಸತ್ಯವೇದವಿರುವುದು 700ಕ್ಕೆ ಸ್ವಲ್ಪ ಮೇಲ್ಪಟ್ಟ ಭಾಷೆಗಳಲ್ಲಿ. ನೀವು ಹೋಗುವ ಕಡೆ ಅದು ಇಲ್ಲದಿದ್ದರೆ ನಿಮ್ಮ ಬಾಯಿಂದ ಬಂದದ್ದೇ ಅಲ್ಲಿನ ಮಕ್ಕಳಿಗೆ ಮೂಲಗ್ರಂಥ.

ತಿಳಿಯಿತೋ ಇಲ್ಲವೋ ಎಂಬುದನ್ನು ಪರೀಕ್ಷಿಸಲು ಕಥೆಯನ್ನು ಅವರಿಂದಲೇ ಹೇಳಿಸಿ. ಕೆನಡಾದ ಡಾನ್ ರಿಚರ್ಡ್‌ಸನ್ ಅವರು 1962ರಲ್ಲಿ, ಆಗ ಡಚ್ಚರ ಕೈಯಲ್ಲಿದ್ದ ನ್ಯೂಗಿನಿಯ ಸಾವಿ ಜನರ ನಡುವೆ ಹೋಗಿ ನೆಲೆಸಿ ಯೇಸುವಿನ ಕಥೆ ಹೇಳಿದಾಗ, ಕೇಳಿದವರು ಮೆಚ್ಚಿದ್ದು ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನನ್ನು. ಸ್ನೇಹ ಬೆಳೆಸಿ ಕೊನೆಗೆ ದ್ರೋಹ ಮಾಡುವುದೇ ಅವರಲ್ಲಿ ದೊಡ್ಡ ಜಾಣತನವಾಗಿತ್ತು. ಕೇಳುಗರ ಪ್ರತಿಕ್ರಿಯೆಯನ್ನು ಗಮನಿಸದೆ ಹೋಗಿದ್ದರೆ ಕಥೆ ಚೆನ್ನಾಗಿ ತಲುಪಿತೆಂದೇ ಅವರು ತಿಳಿಯುತ್ತಿದ್ದರು. ಕಾದಾಡುವ ಎರಡು ಹಳ್ಳಿಗಳು ಸಂಧಾನಕ್ಕಾಗಿ ತಮ್ಮ ಎಳೆಗೂಸನ್ನು ಎದುರಾಳಿಗೆ ಒಪ್ಪಿಸುವ ರೂಢಿಯೂ ಸಾವಿ ಜನರಲ್ಲಿತ್ತು, ಆ ಕೂಸಿಗೆ ದ್ರೋಹ ಮಾಡುವುದು ಮಾತ್ರ ಯಾರಿಗೂ ಸಲ್ಲದು. ಅದನ್ನು ಕಂಡ ಮೇಲೆ ರಿಚರ್ಡ್‌ಸನ್ ಅವರು ಯೇಸುವನ್ನು ದೇವರು ಒಪ್ಪಿಸಿದ ಸಂಧಾನದ ಕೂಸೆಂದು ಹೇಳಿದರು. ನನ್ನದು ಇದರ ಮುಂದೆ ಸಣ್ಣ ಅನುಭವ. ಆಸ್ತಿಯನ್ನೆಲ್ಲ ಹಾಳುಮಾಡಿ ಮನೆಗೆ ಹಿಂದಿರುಗಿದ ದುಂದುಗಾರ ಮಗನ ಕಥೆಯಲ್ಲಿ ತಂದೆ ಓಡಿಬಂದನೆಂದು ನಾನು ಹೇಳಿದೊಡನೆ ಮಕ್ಕಳೆಲ್ಲ ನಕ್ಕುಬಿಟ್ಟರು. ನಾನು ಆಡಿದ ಪದ ತಪ್ಪಾಯಿತೆಂದುಕೊಂಡು ಇನ್ನೊಂದು ಪದ ಹಾಕಿದೆ, ಇನ್ನೂ ನಕ್ಕರು. ಆ ನಾಡಿನಲ್ಲಿ ವಯಸ್ಸಾದ ಗೌರವಸ್ಥರು ಓಡುವುದಿಲ್ಲವೆಂದು ತಿಂಗಳ ಮೇಲೆ ತಿಳಿಯಿತು. ಯೇಸುವಿನ ಕಾಲದಲ್ಲಿಯೂ ಓಡುತ್ತಿರಲಿಲ್ಲ. ನಾನು ಇಪ್ಪತ್ತು ವರ್ಷ ಗಮನಿಸದೆ ಹೇಳಿಕೊಂಡು ಬಂದ ಮಾತನ್ನು ಅವರು ಮೊದಲ ಸಲಕ್ಕೇ ಹಿಡಿದಿದ್ದರು.

ಇನ್ನು ನೀತಿ. ಯೋನನ ಪುಸ್ತಕವು ನಾಲ್ಕನೆಯ ಅಧ್ಯಾಯದಲ್ಲಿ ದೇವರ ಪ್ರಶ್ನೆಯೊಂದಿಗೆ ನಿಂತುಹೋಗುತ್ತದೆ: ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರೂ ಬಹಳ ದನಕರುಗಳೂ ಇರುವ ನಿನೆವೆಗಾಗಿ ನಾನು ಮರುಗಬಾರದೇ ಎಂದು. ಯೋನ ಏನೆಂದನೋ ಬರೆದಿಲ್ಲ. ತಮ್ಮನಿಗಾಗಿ ಮನೆಯಲ್ಲಿ ಔತಣವೆಂದು ಕೋಪಗೊಂಡ ದುಂದುಗಾರ ಮಗನ ಅಣ್ಣನೂ ಅಂಗಳದಲ್ಲೇ ಉಳಿದಿದ್ದಾನೆ. ಒಳಗೆ ಹೋದನೋ ಇಲ್ಲವೋ ಯೇಸು ಹೇಳಲಿಲ್ಲ. ರೋಮಿನ ಸೋಫಿಯಾ ಕವಲ್ಲೇತಿ, ಅಮೆರಿಕದ ಜೆರೋಮ್ ಬೆರಿಮನ್ ಅವರು ಮಾಂಟೆಸರಿಯವರ ಜಾಡಿನಲ್ಲಿ ಬೆಳೆಸಿದ ಪದ್ಧತಿಗಳಲ್ಲಿ ಬೋಧಕರು ಕಥೆ ಮುಗಿಸಿ ನೀತಿ ಹೇಳುವುದಿಲ್ಲ; ಈ ಕಥೆಯಲ್ಲಿ ನಿನಗೆ ಯಾವುದು ಇಷ್ಟವಾಯಿತು, ಇದರಲ್ಲಿ ನೀನು ಎಲ್ಲಿದ್ದೀಯೆ ಎಂದು ಬೆರಿಮನ್ ಅವರ ಪದ್ಧತಿಯಲ್ಲಿ ಕೇಳಿ, ಬಂದ ಉತ್ತರವನ್ನು ತಿದ್ದದೆ ಬಿಡುತ್ತಾರೆ. ನಾನು ಒಮ್ಮೆ ಆ ಅಣ್ಣನ ವಿಷಯವನ್ನು ಹಾಗೆಯೇ ಮಕ್ಕಳ ಮುಂದಿಟ್ಟೆ. ಹೋಗಿರಲಾರ, ಅವನ ಕೋಪ ಸರಿಯಾಗಿಯೇ ಇತ್ತು ಎಂದ ಒಬ್ಬ. ಹಸಿವಾದ ಮೇಲೆ ಹೋಗಿರುತ್ತಾನೆ ಎಂದ ಇನ್ನೊಬ್ಬ. ತಮ್ಮನೇ ಹೊರಗೆ ಬಂದು ಕರೆದರೆ ಹೋಗುತ್ತಾನೆ, ಅಪ್ಪ ಕರೆದರೆ ಸಾಲದು ಎಂದಳು ಹಿಂದೆ ಕುಳಿತಿದ್ದ ಹುಡುಗಿ. ಅದರ ಮೇಲೆ ಎದ್ದ ಚರ್ಚೆ ಮುಗಿಯುವ ಮೊದಲೇ ಮನೆಯವರು ಬಂದು ಮಕ್ಕಳನ್ನು ಕರೆದುಕೊಂಡು ಹೋದರು.